‘ಇವನೇ’ ಎಂದು ತೋರಿಸಿದ ಬೆರಳು ಕೋರ್ಟಿನಲ್ಲಿ ಏಕೆ ನಿಲ್ಲುವುದಿಲ್ಲ?

ಕರಾವಳಿಯ ಪತ್ರಿಕೆಗಳಲ್ಲಿ ಕೋರ್ಟು ಸುದ್ದಿಯನ್ನು ಬಿಡದೆ ಓದುವವರಿಗೆ ಈ ಗೊಂದಲ ತಪ್ಪಿದ್ದಲ್ಲ. ಒಂದು ಪ್ರಕರಣದಲ್ಲಿ ಪ್ರತ್ಯಕ್ಷ ಸಾಕ್ಷಿ ಒಬ್ಬನೇ, ಆರೋಪಿಗೆ ಜೀವಾವಧಿ. ಇನ್ನೊಂದರಲ್ಲಿ ನಾಲ್ವರು ಕಟಕಟೆಗೆ ಬಂದು ‘ಇವನೇ’ ಎಂದು ಬೆರಳು ತೋರಿಸಿದ್ದಾರೆ. ಆರೋಪಿಗೆ ಸಂಶಯದ ಲಾಭ, ಖುಲಾಸೆ. ಇಂಥ ಸುದ್ದಿ ಬಂದ ದಿನ ಮಂಗಳೂರಿನ ಸಿಟಿ ಬಸ್ಸಿನಿಂದ ಉಡುಪಿಯ ಹೋಟೆಲ್ ಮೇಜಿನವರೆಗೆ ಕೇಳಿಬರುವ ತೀರ್ಮಾನ ಎರಡೇ: ಸಾಕ್ಷಿ ದುಡ್ಡು ತಿಂದಿರಬೇಕು, ಇಲ್ಲವೇ ಪೊಲೀಸರು ಕೇಸನ್ನು ಸಡಿಲ ಬಿಟ್ಟಿರಬೇಕು.

ಎರಡೂ ಆಗುವುದುಂಟು. ಆದರೆ ಸಾಕ್ಷಿ ಸುಳ್ಳು ಹೇಳದೆ, ಪೊಲೀಸರು ಮೋಸ ಮಾಡದೆ ಗುರುತು ತಪ್ಪುವುದೂ ಉಂಟು. ಇನ್ನೂ ಕೆಟ್ಟದ್ದೆಂದರೆ, ಗುರುತು ಸರಿಯೇ ಇದ್ದರೂ ಅದು ಸರಿಯೆಂದು ನಂಬಲು ನ್ಯಾಯಾಧೀಶರಿಗೆ ಯಾವ ದಾರಿಯೂ ಉಳಿಯದಂತೆ ನಡುವೆ ಯಾರೋ ಎಡವಿರುತ್ತಾರೆ. ಘಟನೆ ನಡೆದ ಕ್ಷಣಕ್ಕೂ ಕಟಕಟೆಗೂ ನಡುವೆ ಸಾಕ್ಷಿಯ ನೆನಪಿನ ಮೇಲೆ ಯಾರ್ಯಾರ ಕೈ ಬಿತ್ತು ಎಂಬುದನ್ನು ನೋಡಿದರೆ, ಅರ್ಥವಾಗದ ಎಷ್ಟೋ ತೀರ್ಪುಗಳು ಅರ್ಥವಾಗುತ್ತವೆ.

ಎಣಿಸುವುದಲ್ಲ, ತೂಗುವುದು

ಒಂದು ಸಂಗತಿ ರುಜುವಾತಾಗಲು ಇಂತಿಷ್ಟು ಸಾಕ್ಷಿಗಳು ಬೇಕೆಂಬ ನಿಯಮ ನಮ್ಮಲ್ಲಿಲ್ಲ. 1872ರ ಸಾಕ್ಷ್ಯ ಕಾಯ್ದೆಯ ಸೆಕ್ಷನ್ 134ರಲ್ಲಿದ್ದ ಈ ಮಾತು 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಸೆಕ್ಷನ್ 139 ಆಗಿ ಮುಂದುವರಿದಿದೆ. 1957ರಲ್ಲೇ ವಡಿವೇಲು ತೇವರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿಗಳನ್ನು ಮೂರು ಗುಂಪು ಮಾಡಿತ್ತು: ಪೂರ್ತಿ ನಂಬಬಹುದಾದವರು, ಪೂರ್ತಿ ನಂಬಲಾಗದವರು, ಎರಡೂ ಅಲ್ಲದವರು. ಮೊದಲ ಗುಂಪಿನವನು ಒಬ್ಬ ಸಿಕ್ಕರೂ ಶಿಕ್ಷೆಗೆ ಸಾಕು. ಎರಡನೆಯ ಗುಂಪಿನವರು ಹತ್ತು ಮಂದಿ ಬಂದರೂ ಪ್ರಯೋಜನವಿಲ್ಲ. ಕೋರ್ಟು ತಲೆ ಕೆಡಿಸಿಕೊಳ್ಳುವುದೆಲ್ಲ ಮೂರನೆಯವರ ಬಗ್ಗೆ. ಅವರ ಮಾತಿಗೆ ಬೇರೆ ಕಡೆಯಿಂದ ಆಧಾರ ಬೇಕು.

ಇಲ್ಲಿ ಪರಿಚಿತ, ಅಪರಿಚಿತ ಎಂಬ ಗೆರೆ ಎಳೆಯಲೇಬೇಕು. ಗಡಿಯ ಬೇಲಿಯ ಜಗಳದಲ್ಲಿ ಪಕ್ಕದ ಮನೆಯವನು ಹೊಡೆದರೆ ಅವನು ಯಾರೆಂದು ಹೇಳಲು ಮಬ್ಬು ಬೆಳಕು, ಒಂದು ದನಿ, ನಡೆಯುವ ರೀತಿ ಸಾಕು. ಅಲ್ಲಿ ಕೋರ್ಟು ಹುಡುಕುವುದು ಹಗೆಯನ್ನೇ ಹೊರತು ನೆನಪಿನ ದೋಷವನ್ನಲ್ಲ. ಗುರುತಿನ ಪ್ರಶ್ನೆ ಏಳುವುದು ಹಿಂದೆಂದೂ ನೋಡದ ಮುಖದ ವಿಷಯದಲ್ಲಿ: ಸರಗಳ್ಳತನ, ಬ್ಯಾಂಕ್ ದರೋಡೆ, ಗುಂಪು ಗಲಭೆ, ರಾತ್ರಿ ಹೆದ್ದಾರಿಯಲ್ಲಿ ಗುದ್ದಿ ಓಡಿಹೋದ ವಾಹನ.

ಎಂಟು ಸೆಕೆಂಡು, ಒಂದು ಕೊಡೆ

ಜುಲೈ ತಿಂಗಳ ಒಂದು ಸಂಜೆ, ಏಳು ಗಂಟೆ ಎಂದಿಟ್ಟುಕೊಳ್ಳಿ. ಉಡುಪಿಯ ಕಲ್ಸಂಕದ ಬಳಿ ಒಂದು ಅಡ್ಡರಸ್ತೆ. ಮಳೆ ಜೋರಿಲ್ಲ, ನಿಂತೂ ಇಲ್ಲ. ಮಹಿಳೆಯ ಬಲಗೈಯಲ್ಲಿ ಕೊಡೆ, ಎಡಗೈಯಲ್ಲಿ ತರಕಾರಿ ಚೀಲ. ಹಿಂದಿನಿಂದ ಬಂದ ಬೈಕ್ ಪಕ್ಕದಲ್ಲಿ ನಿಧಾನವಾಯಿತು. ಹಿಂದೆ ಕೂತವನು ಯಾವುದೋ ಮನೆಯ ವಿಳಾಸ ಕೇಳಿದ. ಆಕೆ ಉತ್ತರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕೈ ಚಾಚಿದ. ಕರಿಮಣಿ ಸರ ತುಂಡಾಯಿತು, ಬೈಕ್ ಹೋಯಿತು. ಒಟ್ಟು ಎಂಟು ಸೆಕೆಂಡು.

ಈ ಎಂಟನ್ನು ಬಿಡಿಸಿ ನೋಡಬೇಕು. ಮೊದಲ ನಾಲ್ಕೈದು ಸೆಕೆಂಡು ಇದೊಂದು ಅಪರಾಧ ಎಂದೇ ಆಕೆಗೆ ಗೊತ್ತಿಲ್ಲ. ಗಮನವೆಲ್ಲ ಕೇಳಿದ ವಿಳಾಸದ ಮೇಲೆ. ಆಮೇಲಿನ ಒಂದೆರಡು ಸೆಕೆಂಡು ಕಣ್ಣು ಇದ್ದದ್ದು ಕೈಯ ಮೇಲೆ, ಕುತ್ತಿಗೆಯ ಉರಿಯ ಮೇಲೆ. ಉಳಿದಿದ್ದು ಬೈಕಿನ ಹಿಂಭಾಗ. ಸವಾರನ ತಲೆಗೆ ಹೆಲ್ಮೆಟ್, ಹಿಂಬದಿಯವನಿಗೆ ರೈನ್‌ಕೋಟಿನ ಟೊಪ್ಪಿ. ಅಪರಿಚಿತ ಮುಖವನ್ನು ನಾವು ನೆನಪಿಟ್ಟುಕೊಳ್ಳುವುದು ಬಹುಪಾಲು ಕೂದಲು, ಹಣೆಯ ಅಂಚು, ಮುಖದ ಸುತ್ತಳತೆಯಿಂದ. ಟೊಪ್ಪಿ ಮುಚ್ಚಿದ್ದು ಅದನ್ನೇ.

ಇನ್ನು ಬೆಳಕು. ಡಚ್ ಸಂಶೋಧಕರಿಬ್ಬರು 1996ರಲ್ಲಿ ಸರಳ ಅಳತೆಯೊಂದನ್ನು ಸೂಚಿಸಿದರು: ಹದಿನೈದು ಮೀಟರಿಗಿಂತ ದೂರ ಅಥವಾ ಹದಿನೈದು ಲಕ್ಸಿಗಿಂತ (ಲಕ್ಸ್ ಎಂದರೆ ಬೆಳಕಿನ ಅಳತೆ) ಕಡಿಮೆ ಬೆಳಕು ಇದ್ದಲ್ಲಿ ಅಪರಿಚಿತನ ಗುರುತನ್ನು ಹೆಚ್ಚು ನೆಚ್ಚಬಾರದು. ನಮ್ಮ ಸಾಧಾರಣ ಬೀದಿದೀಪದ ಬೆಳಕು ಹೆಚ್ಚುಕಡಿಮೆ ಈ ಗಡಿಯಲ್ಲೇ ಓಲಾಡುತ್ತದೆ. ಕೊಡೆಯ ನೆರಳು ಬಿದ್ದರೆ ಇನ್ನೂ ಕೆಳಗೆ. ಹಳದಿ ಸೋಡಿಯಂ ದೀಪವಿದ್ದರೆ ನೀಲಿ ಅಂಗಿ ಕಪ್ಪಾಗಿ ಕಾಣುತ್ತದೆ. ಹಾಗಾಗಿಯೇ ಅನುಭವಿ ತನಿಖಾಧಿಕಾರಿ ಆ ಹೊತ್ತಿಗೆ ಕರೆಂಟ್ ಇತ್ತೆಂದು ಮೆಸ್ಕಾಂನಿಂದ ಪತ್ರ ತಂದು ಕಡತಕ್ಕೆ ಸೇರಿಸುತ್ತಾನೆ, ಮಹಜರಿನ ನಕ್ಷೆಯಲ್ಲಿ ಕಂಬದಿಂದ ಸಾಕ್ಷಿ ನಿಂತ ಜಾಗಕ್ಕೆ ಎಷ್ಟು ಮೀಟರ್ ಎಂದು ಬರೆಸುತ್ತಾನೆ. ಮಳೆಗಾಲದ ಕರಾವಳಿಯಲ್ಲಿ ಈ ಒಂದು ಪತ್ರ ಇಲ್ಲದೆ ಬಿದ್ದುಹೋಗುವ ಗುರುತು ಸಣ್ಣ ವಿಷಯವಲ್ಲ.

ಗಾಬರಿಯಲ್ಲಿ ಸಮಯವೂ ಹಿಗ್ಗುತ್ತದೆ. ಎಂಟು ಸೆಕೆಂಡನ್ನು ಸಾಕ್ಷಿ ಪ್ರಾಮಾಣಿಕವಾಗಿಯೇ ‘ಎರಡು ನಿಮಿಷ ಮುಖ ನೋಡಿದೆ’ ಎನ್ನುತ್ತಾರೆ. ಎದುರು ಮನೆಯ ಸಿಸಿಟಿವಿ ಎಂಟು ಸೆಕೆಂಡು ಎನ್ನುತ್ತದೆ. ಪಾಟೀ ಸವಾಲಿನಲ್ಲಿ, ಅಂದರೆ ಎದುರು ವಕೀಲರು ಪ್ರಶ್ನಿಸುವಾಗ, ಈ ಎರಡನ್ನು ಅಕ್ಕಪಕ್ಕ ಇಟ್ಟರೆ ಸಾಕು, ನಿಜ ಹೇಳಿದವರೂ ಸುಳ್ಳರಂತೆ ಕಾಣುತ್ತಾರೆ.

ಹೆದರಿದಾಗ ಮುಖ ಮನಸ್ಸಿನಲ್ಲಿ ಅಚ್ಚೊತ್ತುತ್ತದೆ ಎಂಬ ನಂಬಿಕೆಯೊಂದಿದೆ. ಅಮೆರಿಕದ ಸೇನಾ ತರಬೇತಿ ಶಿಬಿರವೊಂದರಲ್ಲಿ ಇದನ್ನು ಪರೀಕ್ಷಿಸಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಯುದ್ಧಕೈದಿಗಳಂತೆ ಕೂಡಿಹಾಕಿ ವಿಚಾರಣೆಗೆ ಗುರಿಪಡಿಸಿದ್ದ ಐನೂರಕ್ಕೂ ಹೆಚ್ಚು ಸೈನಿಕರಿಗೆ ಮರುದಿನ ವಿಚಾರಣಾಧಿಕಾರಿಯನ್ನು ಗುರುತಿಸಲು ಹೇಳಿದರು. ಅರ್ಧ ಗಂಟೆಗೂ ಹೆಚ್ಚು ಹೊತ್ತು ಎದುರೆದುರು ಕೂತ ಮುಖ ಅದು. ತೀವ್ರ ಒತ್ತಡದ ವಿಚಾರಣೆ ಎದುರಿಸಿದವರು ಸೌಮ್ಯ ವಿಚಾರಣೆ ಕಂಡವರಿಗಿಂತ ಬಹಳ ಹೆಚ್ಚು ತಪ್ಪಿದರು. ಎದುರಿನವನ ಕೈಯಲ್ಲಿ ಆಯುಧವಿದ್ದರಂತೂ ಕಣ್ಣು ಮುಖ ಬಿಟ್ಟು ಆಯುಧಕ್ಕೆ ಅಂಟಿಕೊಳ್ಳುತ್ತದೆ. ಕತ್ತಿಯ ಹಿಡಿಯ ಬಣ್ಣ ಹೇಳಬಲ್ಲ ಸಾಕ್ಷಿಗೆ ಹಿಡಿದವನ ಮೂಗು ನೆನಪಿರುವುದಿಲ್ಲ.

ಪ್ರಶ್ನೆಯೂ ನೆನಪನ್ನು ತಿದ್ದುತ್ತದೆ

ಇಲ್ಲಿಯವರೆಗಿನದು ಯಾರ ತಪ್ಪೂ ಅಲ್ಲ. ಮುಂದಿನದರಲ್ಲಿ ಮನುಷ್ಯರ ಕೈವಾಡವಿದೆ, ಹಾಗಾಗಿ ತಡೆಯಲೂ ಸಾಧ್ಯವಿದೆ.

ಮನಃಶಾಸ್ತ್ರ ಸಂಶೋಧಕರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ದೃಶ್ಯ ತೋರಿಸಿ ವೇಗ ಎಷ್ಟಿತ್ತೆಂದು ಕೇಳಿದರು. ದೃಶ್ಯ ಒಂದೇ, ಪ್ರಶ್ನೆಯ ಕ್ರಿಯಾಪದ ಮಾತ್ರ ಬೇರೆ. ಕಾರುಗಳು ‘ಅಪ್ಪಳಿಸಿದಾಗ’ ಎಂದು ಕೇಳಿದವರಿಗೆ ಗಂಟೆಗೆ ಸರಾಸರಿ 40.8 ಮೈಲಿ ವೇಗದ ಉತ್ತರ ಸಿಕ್ಕಿತು. ‘ತಾಗಿದಾಗ’ ಎಂದು ಕೇಳಿದವರಿಗೆ 31.8. ಇನ್ನೊಂದು ಗುಂಪಿಗೆ ಒಂದು ವಾರ ಬಿಟ್ಟು, ಒಡೆದ ಗಾಜು ಕಂಡಿತ್ತೇ ಎಂದು ಕೇಳಿದರು. ದೃಶ್ಯದಲ್ಲಿ ಗಾಜು ಒಡೆದೇ ಇರಲಿಲ್ಲ. ‘ಅಪ್ಪಳಿಸಿದ’ ಎಂಬ ಪದ ಕೇಳಿದ್ದ 50 ಮಂದಿಯಲ್ಲಿ 16 ಜನ ಕಂಡಿತ್ತು ಎಂದರು. ‘ಗುದ್ದಿದ’ ಎಂದು ಕೇಳಿದ್ದ 50ರಲ್ಲಿ 7 ಜನ.

ಇದನ್ನು ಠಾಣೆಗೆ ತನ್ನಿ. ‘ಬೈಕ್ ಹೇಗಿತ್ತು?’ ಎಂಬುದು ಒಂದು ಪ್ರಶ್ನೆ. ‘ಕೆಂಪು ಪಲ್ಸರ್ ತಾನೇ?’ ಎಂಬುದು ಪ್ರಶ್ನೆಯ ವೇಷದಲ್ಲಿರುವ ಉತ್ತರ. ಕೇಳಿದವರಿಗೆ ಕೆಟ್ಟ ಉದ್ದೇಶವಿರಬೇಕಾಗಿಲ್ಲ. ಬೇರೆ ಠಾಣೆಯ ಸರಹದ್ದಿನಲ್ಲಿ ಅಂಥ ಬೈಕಿನ ದೂರು ಬಂದಿರಬಹುದು. ಆದರೆ ಮೂರು ದಿನ ಕಳೆಯುವಷ್ಟರಲ್ಲಿ ಸಾಕ್ಷಿಯ ನೆನಪಿನಲ್ಲಿ ಬೈಕ್ ಕೆಂಪಾಗಿರುತ್ತದೆ, ಮತ್ತು ಆ ಕೆಂಪು ತಾನು ಕಂಡದ್ದೋ ಕೇಳಿದ್ದೋ ಎಂದು ಬೇರ್ಪಡಿಸಲು ಸ್ವತಃ ಸಾಕ್ಷಿಗೂ ಆಗುವುದಿಲ್ಲ.

ವಾಟ್ಸ್‌ಆ್ಯಪ್ ಈ ಕಲಬೆರಕೆಯನ್ನು ನಿಮಿಷಗಳ ಲೆಕ್ಕಕ್ಕೆ ಇಳಿಸಿದೆ. ಸರ ಹೋದ ಅರ್ಧ ಗಂಟೆಯಲ್ಲಿ ಊರಿನ ಗ್ರೂಪಿಗೆ ಎಲ್ಲಿಯದೋ ಸಿಸಿಟಿವಿ ತುಣುಕು, ‘ಇವರನ್ನು ಕಂಡರೆ ತಿಳಿಸಿ’ ಎಂಬ ಅಡಿಬರಹದೊಂದಿಗೆ. ಎರಡು ವಾರದ ನಂತರ ಬಂಧನ. ಆರೋಪಿಗಳನ್ನು ಸಾಲಾಗಿ ನಿಲ್ಲಿಸಿ ತೆಗೆದ ಫೋಟೋ, ಯೂಟ್ಯೂಬ್ ಚಾನೆಲ್ಲುಗಳಲ್ಲಿ ಸಂಜೆಯೊಳಗೆ. ಮಲ್ಪೆಯಲ್ಲಿ ಮೀನಿಗೆ ಬೋಟಿನಲ್ಲೇ ಐಸ್ ಹಾಕುತ್ತಾರೆ, ದಡಕ್ಕೆ ತಂದ ಮೇಲೆ ಹಾಕಿದರೆ ಕೆಟ್ಟದ್ದು ಸರಿಯಾಗುವುದಿಲ್ಲ ಎಂದು ಗೊತ್ತಿರುವುದರಿಂದ. ಸಾಕ್ಷಿಯ ನೆನಪನ್ನು ಮಾತ್ರ ಬಿಸಿಲಲ್ಲಿ ಎರಡು ವಾರ ಬಿಟ್ಟು, ಆಮೇಲೆ ಶಂಕಿತನನ್ನು ಇತರರ ಸಾಲಿನಲ್ಲಿ ನಿಲ್ಲಿಸಿ ಗುರುತಿಸಲು ಹೇಳುವ ಪರೇಡ್‌ಗೆ ಕರೆಯುತ್ತಾರೆ.

ಪರೇಡ್: ಎಲ್ಲಿ ಎಡವುತ್ತದೆ

ಬಂಧಿತನನ್ನು ಗುರುತು ಪತ್ತೆ ಪರೇಡ್‌ಗೆ ಒಳಪಡಿಸಲು ಠಾಣಾಧಿಕಾರಿಯ ಕೋರಿಕೆಯ ಮೇರೆಗೆ ಕೋರ್ಟು ಆದೇಶಿಸಬಹುದು. ಹಿಂದೆ ಅಪರಾಧ ಪ್ರಕ್ರಿಯಾ ಸಂಹಿತೆಯ 54ಎ, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 54. ನಡೆಯುವುದು ಸಾಮಾನ್ಯವಾಗಿ ಜೈಲಿನಲ್ಲಿ, ಮ್ಯಾಜಿಸ್ಟ್ರೇಟರ ಎದುರು. ಕೆಲವೊಮ್ಮೆ ತಹಶೀಲ್ದಾರರೇ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಾಗಿ ಬರುತ್ತಾರೆ. ಶಂಕಿತನ ಜೊತೆ ಅದೇ ವಯಸ್ಸು, ಎತ್ತರ, ಮೈಕಟ್ಟಿನ ಐದಾರು ಮಂದಿಯಾದರೂ ನಿಲ್ಲಬೇಕು. ಸಾಲಿನಲ್ಲಿ ಎಲ್ಲಿ ನಿಲ್ಲಬೇಕೆಂದು ಶಂಕಿತನೇ ಆರಿಸಿಕೊಳ್ಳಬೇಕು. ಸಾಕ್ಷಿಗಳು ಒಬ್ಬೊಬ್ಬರಾಗಿ ಬರಬೇಕು, ನೋಡಿದವರು ನೋಡದವರ ಜೊತೆ ಸೇರಬಾರದು. ಪೊಲೀಸರು ಕಣ್ಣಳತೆಯಲ್ಲಿ ಇರಬಾರದು.

ಲೆಕ್ಕ ಹಾಕಿ. ಆರು ಜನರ ಸಾಲಿನಲ್ಲಿ ಏನೂ ನೆನಪಿಲ್ಲದವರು ಕಣ್ಣು ಮುಚ್ಚಿ ತೋರಿಸಿದರೂ ಶಂಕಿತನ ಮೇಲೆ ಬೆರಳು ಬೀಳುವ ಸಾಧ್ಯತೆ ಆರರಲ್ಲಿ ಒಂದು. ಈಗ ಶಂಕಿತ ಇಪ್ಪತ್ತೆರಡರ ಹುಡುಗ, ಜೊತೆಗಿರುವವರಲ್ಲಿ ಮೂವರು ಐವತ್ತು ದಾಟಿದವರು ಎನ್ನಿ. ಸಾಲಿನಲ್ಲಿ ತಲೆ ಆರು, ಸ್ಪರ್ಧೆಯಲ್ಲಿ ಇರುವವರು ಮೂವರೇ. ಊಹೆ ಸರಿಯಾಗುವ ಸಾಧ್ಯತೆ ಮೂರರಲ್ಲಿ ಒಂದಕ್ಕೆ ಏರಿತು. ಗಡ್ಡ ಇರುವುದು ಶಂಕಿತನಿಗೆ ಮಾತ್ರ, ಸಾಕ್ಷಿ ಮೊದಲ ಹೇಳಿಕೆಯಲ್ಲೇ ಗಡ್ಡದ ಮಾತು ಹೇಳಿದ್ದರು ಎಂದಾದರೆ ಅದು ಪರೇಡ್ ಆಗಿ ಉಳಿಯುವುದೇ ಇಲ್ಲ. ಇಂಗ್ಲೆಂಡಿನಲ್ಲಿ ಒಬ್ಬ ಶಂಕಿತನ ಜೊತೆ ಕನಿಷ್ಠ ಎಂಟು ಮಂದಿ ಕಡ್ಡಾಯ. ಅಲ್ಲೀಗ ಬಹುತೇಕ ವೀಡಿಯೊದಲ್ಲೇ ತೋರಿಸುವುದರಿಂದ ಹೋಲುವ ಮುಖಗಳು ಸಿಗುವುದು ಸುಲಭ. ನಮ್ಮಲ್ಲಿ ಆ ದಿನ ಜೈಲಿನಲ್ಲಿ ಯಾರಿದ್ದಾರೋ ಅವರೇ.

ಇನ್ನೊಂದು ದೋಷ ಮನಸ್ಸಿನೊಳಗಿನದು. ಸಾಲು ನಿಲ್ಲಿಸಿದ್ದಾರೆ ಎಂದರೆ ಕಳ್ಳ ಅದರಲ್ಲಿ ಇದ್ದೇ ಇರುತ್ತಾನೆ ಎಂದು ಸಾಕ್ಷಿ ತಿಳಿಯುತ್ತಾರೆ. ಆಗ ಅವರು ಕಂಡ ಮುಖವನ್ನು ಹುಡುಕುವುದನ್ನು ಬಿಟ್ಟು ಕಂಡ ಮುಖಕ್ಕೆ ಹೆಚ್ಚು ಹತ್ತಿರ ಯಾರು ಎಂದು ಹೋಲಿಸತೊಡಗುತ್ತಾರೆ. ‘ಅವನು ಇದರಲ್ಲಿ ಇರಬಹುದು, ಇಲ್ಲದೆಯೂ ಇರಬಹುದು; ಯಾರೂ ಅಲ್ಲ ಎನ್ನಲು ಅಡ್ಡಿಯಿಲ್ಲ’ ಎಂಬ ಒಂದೇ ವಾಕ್ಯ ಮೊದಲಿಗೆ ಹೇಳಿದರೆ ತಪ್ಪು ಗುರುತು ಗಮನಾರ್ಹವಾಗಿ ಇಳಿಯುತ್ತದೆ ಎಂಬುದು ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಒಂದು ಪೈಸೆ ಖರ್ಚಿಲ್ಲದ ಸುಧಾರಣೆ.

ಇಷ್ಟೆಲ್ಲ ಸರಿಯಾಗಿ ನಡೆದರೂ ಪರೇಡ್ ಮೂಲ ಸಾಕ್ಷ್ಯವಲ್ಲ. ಕೋರ್ಟಿನಲ್ಲಿ ನಿಂತು ಗುರುತಿಸುವುದೇ ಮೂಲ, ಪರೇಡ್ ಅದಕ್ಕೆ ಬೆಂಬಲ ಎಂದು ಸುಪ್ರೀಂ ಕೋರ್ಟ್ 2003ರ ಮಲ್ಖಾನ್ ಸಿಂಗ್ ಪ್ರಕರಣ ಸೇರಿದಂತೆ ಹಲವು ಬಾರಿ ಹೇಳಿದೆ. ಮನಃಶಾಸ್ತ್ರ ಹೇಳುವುದು ಇದಕ್ಕೆ ತಿರುವುಮುರುವು. ಕೋರ್ಟಿನಲ್ಲಿ ಆರೋಪಿ ಯಾರು ಎಂದು ಕಂಡುಹಿಡಿಯಲು ನೆನಪು ಬೇಕಾಗಿಲ್ಲ, ಅವನು ನಿಂತ ಜಾಗ ನೋಡಿದರೆ ಸಾಕು. ಹಾಗಾಗಿ ಕಾನೂನಿನ ಪುಸ್ತಕದಲ್ಲಿ ಯಾವುದು ಮೂಲವೋ ಅದರ ತೂಕ ವಾಸ್ತವದಲ್ಲಿ ಕಡಿಮೆ, ಯಾವುದು ಬೆಂಬಲವೋ ಅದೇ ಆಧಾರ. ಕೋರ್ಟುಗಳಿಗೂ ಇದು ಗೊತ್ತಿದೆ. ಅಪರಿಚಿತನ ವಿಷಯದಲ್ಲಿ ಪರೇಡ್ ಇಲ್ಲದ ಕಟಕಟೆಯ ಗುರುತನ್ನು ಅವು ಸಂಶಯದಿಂದಲೇ ನೋಡುತ್ತವೆ.

ಪಕ್ಕದ ಕೇರಳದಿಂದ ಬಂದ ಗಿರೀಶನ್ ನಾಯರ್ ಪ್ರಕರಣದಲ್ಲಿ 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆರೋಪಿಗಳನ್ನು ಬಿಡುಗಡೆ ಮಾಡಿದ್ದು ಇದೇ ಕಾರಣಕ್ಕೆ. 2000ನೇ ಇಸವಿಯ ವಿದ್ಯಾರ್ಥಿ ಪ್ರತಿಭಟನೆ ಹಿಂಸೆಗೆ ತಿರುಗಿದ ಪ್ರಕರಣ ಅದು. ಪರೇಡ್‌ಗೆ ಮುನ್ನವೇ ಆರೋಪಿಗಳನ್ನು ನೋಡುವ ಅವಕಾಶ ಸಾಕ್ಷಿಗಳಿಗೆ ಸಿಕ್ಕಿತ್ತು. ಆಮೇಲೆ ಎಷ್ಟು ಜನ ಎಷ್ಟು ಗಟ್ಟಿಯಾಗಿ ಗುರುತಿಸಿದರೂ ಆ ಒಂದು ಬಿರುಕು ಮುಚ್ಚಲಿಲ್ಲ. ನಮ್ಮ ಕೋರ್ಟು ವರಾಂಡಗಳಲ್ಲಿ ರಿಮಾಂಡ್ ದಿನ ಆರೋಪಿಯನ್ನು ಮುಖಕ್ಕೆ ಬಟ್ಟೆಯಿಲ್ಲದೆ ಕರೆದೊಯ್ಯುವಾಗ ಎದುರು ಬೆಂಚಿನಲ್ಲಿ ಸಾಕ್ಷಿ ಕೂತಿದ್ದರೆ, ಬಿರುಕು ಬೀಳಲು ಅಷ್ಟೇ ಸಾಕು.

‘ಸರಿಯಾಗಿ ತೋರಿಸಿದಿರಿ’

ಗುರುತಿಸಿದ ಸಾಕ್ಷಿಗೆ ಬೆನ್ನು ತಟ್ಟುವುದು ಮನುಷ್ಯ ಸಹಜ. ಅದರ ಪರಿಣಾಮವನ್ನು ಮನಃಶಾಸ್ತ್ರ ಸಂಶೋಧಕರಾದ ಗ್ಯಾರಿ ವೆಲ್ಸ್ ಮತ್ತು ಆ್ಯಮಿ ಬ್ರಾಡ್‌ಫೀಲ್ಡ್ 1998ರಲ್ಲಿ ತೋರಿಸಿದರು. ಕ್ಯಾಮೆರಾದಲ್ಲಿ ಸೆರೆಯಾದ ಬಂದೂಕುಧಾರಿಯನ್ನು ನೋಡಿದವರಿಗೆ ಫೋಟೋಗಳ ಸಾಲು ಕೊಟ್ಟರು. ಆ ಸಾಲಿನಲ್ಲಿ ಅವನ ಫೋಟೋ ಇರಲೇ ಇಲ್ಲ. ಎಲ್ಲರೂ ಯಾರನ್ನೋ ಒಬ್ಬನನ್ನು ತೋರಿಸಿದರು, ಅಂದರೆ ಎಲ್ಲರದ್ದೂ ತಪ್ಪು. ಅವರಲ್ಲಿ ಕೆಲವರಿಗೆ ‘ಒಳ್ಳೆಯದು, ಶಂಕಿತನನ್ನೇ ತೋರಿಸಿದಿರಿ’ ಎಂದರು. ಆ ಒಂದು ಮಾತು ಕೇಳಿದವರು, ಮೊದಲಿನಿಂದಲೂ ತಮಗೆ ಖಚಿತವಿತ್ತು, ಮುಖ ಚೆನ್ನಾಗಿ ಕಂಡಿತ್ತು, ಗಮನವಿಟ್ಟು ನೋಡಿದ್ದೆವು ಎಂದೆಲ್ಲ ಹೇಳತೊಡಗಿದರು. ಹೊಗಳಿಕೆಯಿಂದ ಬೆಳೆದದ್ದು ಆತ್ಮವಿಶ್ವಾಸ ಒಂದೇ ಅಲ್ಲ. ಮುಖ ಎಷ್ಟು ಚೆನ್ನಾಗಿ ಕಂಡಿತ್ತು, ಎಷ್ಟು ಗಮನ ಕೊಟ್ಟಿದ್ದೆವು ಎಂಬ ನೆನಪೂ ಅದರ ಜೊತೆ ಹಿಗ್ಗಿತು. ಪಾಟೀ ಸವಾಲು ಪರೀಕ್ಷಿಸುವುದು ಇವೇ ಸಂಗತಿಗಳನ್ನು.

ಉತ್ತರ ಕೆರೊಲಿನಾದ ರೊನಾಲ್ಡ್ ಕಾಟನ್ ಪ್ರಕರಣ ಇದರ ಜೀವಂತ ರೂಪ. 1984ರಲ್ಲಿ ಅತ್ಯಾಚಾರಕ್ಕೊಳಗಾದ ಯುವತಿ, ಬದುಕಿ ಉಳಿದರೆ ಇವನನ್ನು ಹಿಡಿಸಬೇಕೆಂದು ಆ ಹೊತ್ತಿನಲ್ಲೇ ಮುಖವನ್ನು ಗಮನವಿಟ್ಟು ನೋಡಿದ್ದಳು. ಫೋಟೋಗಳಲ್ಲಿ ಕಾಟನ್‌ನನ್ನು ಆರಿಸಿದಳು, ನಂತರ ಸಾಲಿನಲ್ಲಿಯೂ ಅವನನ್ನೇ. ಎರಡರಲ್ಲೂ ಇದ್ದ ಮುಖ ಅವನದೊಂದೇ. ನೀನು ಫೋಟೋದಲ್ಲಿ ತೋರಿಸಿದವನೇ ಎಂದು ಪೊಲೀಸರು ಹೇಳಿದ ಮೇಲೆ ಅವಳಿಗೆ ಸಂಶಯವೇ ಉಳಿಯಲಿಲ್ಲ. ಮುಂದೆ ನಿಜವಾದ ಅಪರಾಧಿ ಬಾಬಿ ಪೂಲ್‌ನನ್ನು ಕೋರ್ಟಿನಲ್ಲಿ ಎದುರಿಗೆ ತಂದು ನಿಲ್ಲಿಸಿದಾಗಲೂ ಗುರುತಾಗಲಿಲ್ಲ. ಅಷ್ಟರಲ್ಲಿ ನೆನಪಿನಲ್ಲಿ ಕೂತಿದ್ದ ಮುಖ ಕಾಟನ್‌ನದು. 1995ರಲ್ಲಿ ಡಿಎನ್‌ಎ ಪರೀಕ್ಷೆ ಅವನನ್ನು ಬಿಡಿಸುವಷ್ಟರಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಜೈಲಿನಲ್ಲಿ ಕಳೆದಿದ್ದ. ಅಮೆರಿಕದಲ್ಲಿ ಡಿಎನ್‌ಎಯಿಂದ ನಿರಪರಾಧಿಗಳೆಂದು ಸಾಬೀತಾದ ಹತ್ತು ಪ್ರಕರಣಗಳಲ್ಲಿ ಸುಮಾರು ಏಳರಲ್ಲಿ ತಪ್ಪು ಗುರುತಿನ ಪಾಲಿದೆ.

ಹಾಗೆಂದು ಪ್ರತ್ಯಕ್ಷ ಸಾಕ್ಷಿಯ ಮಾತೇ ಬೇಡ ಎಂದು ಕೆಲವರು ಹೊರಡುವುದು ಅತಿಯಾಯಿತು. ಜಾನ್ ವಿಕ್ಸ್‌ಟೆಡ್ ಮತ್ತು ಗ್ಯಾರಿ ವೆಲ್ಸ್ 2017ರಲ್ಲಿ ಹಳೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೋರಿಸಿದ್ದು ಬೇರೆಯೇ: ಸರಿಯಾದ ಕ್ರಮದಲ್ಲಿ ನಡೆದ ಮೊದಲ ಪರೀಕ್ಷೆಯಲ್ಲಿ, ಆ ಕ್ಷಣದಲ್ಲೇ ಸಾಕ್ಷಿ ಹೇಳುವ ‘ಖಂಡಿತ ಇವನೇ’ ಎಂಬ ಮಾತಿಗೆ ಬಹಳ ಬೆಲೆಯಿದೆ. ‘ಇರಬಹುದು ಅನಿಸುತ್ತದೆ’ ಎಂಬುದಕ್ಕೆ ಬೆಲೆ ಕಡಿಮೆ. ವರ್ಷಗಳ ನಂತರ ಕೋರ್ಟಿನಲ್ಲಿ ಹೇಳುವಾಗ ಎರಡೂ ಒಂದೇ ದನಿಯಲ್ಲಿ ಕೇಳಿಸುತ್ತವೆ. ಆದ್ದರಿಂದ ಮೊದಲ ದಿನ ಸಾಕ್ಷಿ ಎಷ್ಟು ಖಚಿತವಾಗಿದ್ದರು ಎಂದು ಅವರದೇ ಮಾತಿನಲ್ಲಿ ಬರೆದುಕೊಳ್ಳಬೇಕು. ನಮ್ಮ ಸೆಕ್ಷನ್ 54 ಅದನ್ನು ಕೇಳುವುದಿಲ್ಲ.

ತುಳುವಿನಲ್ಲಿ ಹೇಳಿದ್ದು, ಕನ್ನಡದಲ್ಲಿ ಬರೆದದ್ದು

ಪಾಶ್ಚಾತ್ಯ ಅಧ್ಯಯನಗಳಲ್ಲಿ ಹೆಚ್ಚು ಸಿಗದ, ಆದರೆ ನಮ್ಮ ಜಿಲ್ಲೆಗಳಲ್ಲಿ ದಿನವೂ ಕಾಣುವ ಸಮಸ್ಯೆ ಇದು. ಸಾಕ್ಷಿ ಮಾತಾಡುವುದು ತುಳು, ಕೊಂಕಣಿ, ಬ್ಯಾರಿ ಅಥವಾ ಕುಂದಾಪುರದ ಕನ್ನಡ. ಠಾಣೆಯ ರೈಟರ್ ಬರೆಯುವುದು ಪೊಲೀಸ್ ಕನ್ನಡ. ಕೋರ್ಟಿನಲ್ಲಿ ಅದೇ ಮಾತು ಮತ್ತೊಮ್ಮೆ ಬಾಯಿಗೆ ಬಂದು ಕನ್ನಡಕ್ಕೋ ಇಂಗ್ಲಿಷಿಗೋ ಇಳಿಯುತ್ತದೆ.

ಒಂದೇ ಪದ ನೋಡಿ. ಕರಾವಳಿಯವರಿಗೆ ಕತ್ತಿ ಎಂದರೆ ಸೋಗೆ, ಸೊಪ್ಪು ಕಡಿಯುವ ಮನೆಯ ಆಯುಧ. ಘಟ್ಟದ ಮೇಲಿನವರಿಗೆ ಅದು ಮಚ್ಚು. ಅವರ ಕಿವಿಗೆ ಕತ್ತಿ ಎಂದರೆ ರಾಜರು ಹಿಡಿಯುತ್ತಿದ್ದ ಖಡ್ಗ. ಹಾಸನದ ಕಡೆಯಿಂದ ಬಂದ ಸಿಬ್ಬಂದಿ ಆಯುಧ ನೋಡಿ ‘ಮಚ್ಚು’ ಎಂದು ಬರೆಯುತ್ತಾರೆ. ಮೂರು ವರ್ಷದ ನಂತರ ಸಾಕ್ಷಿ ಕೋರ್ಟಿನಲ್ಲಿ ‘ಕತ್ತಿ’ ಎನ್ನುತ್ತಾರೆ. ‘ಪೊಲೀಸರ ಮುಂದೆ ಕತ್ತಿ ಎಂದು ನೀವು ಹೇಳಿಯೇ ಇಲ್ಲ, ಅಲ್ಲವೇ?’ ಎಂದು ಪ್ರಶ್ನೆ ಬರುತ್ತದೆ. ಬರೆದ ಹೇಳಿಕೆಯಲ್ಲಿ ನಿಜವಾಗಿಯೂ ಇಲ್ಲ. ಹಾಗೆಯೇ ತುಳುವಿನ ‘ಬಯ್ಯ’ ನಾಲ್ಕು ಗಂಟೆಯಿಂದ ಕತ್ತಲಾಗುವವರೆಗೆ ಚಾಚುತ್ತದೆ. ಹೇಳಿಕೆಯಲ್ಲಿ ಅದು ‘ಸಂಜೆ ಸುಮಾರು 5-00 ಗಂಟೆಗೆ’ ಎಂದು ಗಟ್ಟಿಯಾಗುತ್ತದೆ. ಬೆಳಕಿನ ಇಡೀ ವಾದ ಆ ‘5-00’ರ ಮೇಲೆ ನಿಲ್ಲುತ್ತದೆ.

ಇದಕ್ಕೆ ಕಾನೂನಿನ ಹಿನ್ನೆಲೆಯೂ ಇದೆ. ಪೊಲೀಸರ ಮುಂದೆ ಕೊಟ್ಟ ಹೇಳಿಕೆಗೆ ಸಾಕ್ಷಿ ಸಹಿ ಹಾಕುವಂತಿಲ್ಲ. ಮೊದಲು ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 162, ಈಗ ಸುರಕ್ಷಾ ಸಂಹಿತೆಯ 181. ಪೊಲೀಸರು ಒತ್ತಾಯದಿಂದ ಸಹಿ ಹಾಕಿಸಿಕೊಳ್ಳಬಾರದೆಂಬ ಕಾಳಜಿ ಅದು. ಅಡ್ಡ ಪರಿಣಾಮವೆಂದರೆ ತನ್ನ ಹೆಸರಿನಲ್ಲಿ ಏನು ಬರೆದಿದೆ ಎಂದು ಎಷ್ಟೋ ಸಾಕ್ಷಿಗಳಿಗೆ ಗೊತ್ತಾಗುವುದೇ ಪಾಟೀ ಸವಾಲಿನ ದಿನ. ಆ ಹೇಳಿಕೆಯನ್ನು ಬಳಸುವುದೂ ಮುಖ್ಯವಾಗಿ ಅವರ ಮಾತಿನಲ್ಲಿ ವಿರೋಧ ತೋರಿಸಲಿಕ್ಕೆ. ಮುಖ್ಯವಾದದ್ದನ್ನು ಹೇಳದೆ ಬಿಟ್ಟಿದ್ದರೆ ಅದೂ ವಿರೋಧವೆಂದೇ ಲೆಕ್ಕವಾಗಬಹುದು.

ಈ ಅಪಾಯವನ್ನು ನ್ಯಾಯಾಲಯಗಳು ಕಾಣದೆ ಇಲ್ಲ. 1983ರ ಭರವಾಡ ಭೋಗಿನ್‌ಭಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಾಕ್ಷಿಯ ಮನಸ್ಸಿನ ಪರದೆಯ ಮೇಲೆ ವೀಡಿಯೊ ಟೇಪ್ ಓಡುವುದಿಲ್ಲ, ಛಾಯಾಚಿತ್ರದಂಥ ನೆನಪನ್ನು ಯಾರಿಂದಲೂ ನಿರೀಕ್ಷಿಸಬಾರದು ಎಂದು ಹೇಳಿತು. ಸಮಯ, ಅವಧಿಯನ್ನು ಜನ ಅಂದಾಜಿನಲ್ಲೇ ಹೇಳುತ್ತಾರೆ, ಸಣ್ಣಪುಟ್ಟ ವ್ಯತ್ಯಾಸಕ್ಕೆ ಇಡೀ ಸಾಕ್ಷ್ಯ ತಳ್ಳಬಾರದು ಎಂಬುದು ಅದರ ಸಾರ. ಇಂದಿಗೂ ಜಿಲ್ಲಾ ನ್ಯಾಯಾಲಯದ ತೀರ್ಪುಗಳಲ್ಲಿ ಅದನ್ನು ಉಲ್ಲೇಖಿಸುತ್ತಾರೆ. ಯಾವುದು ಸಣ್ಣದು, ಯಾವುದು ಬುಡಕ್ಕೆ ಕೊಡಲಿ ಎಂಬ ನಿರ್ಧಾರದಲ್ಲೇ ಒಂದು ಕೇಸು ಶಿಕ್ಷೆಯಾಗಿ, ಇನ್ನೊಂದು ಖುಲಾಸೆಯಾಗಿ ಕವಲೊಡೆಯುವುದು.

ಜ್ಯೂರಿ ಇದ್ದಿದ್ದರೆ?

ಜನರೇ ತೀರ್ಪು ಕೊಡುವಂತಿದ್ದರೆ ಹೀಗಾಗುತ್ತಿರಲಿಲ್ಲ ಎನ್ನುವವರಿದ್ದಾರೆ. ಭಾರತ ಅದನ್ನು ಕಂಡು ಬಿಟ್ಟದ್ದು. 1959ರಲ್ಲಿ ಕೊಲೆ ಆರೋಪ ಹೊತ್ತ ನೌಕಾಧಿಕಾರಿ ನಾನಾವತಿಯನ್ನು ಮುಂಬಯಿಯ ಜ್ಯೂರಿ 8–1 ಮತದಿಂದ ನಿರ್ದೋಷಿ ಎಂದಿತು. ಪತ್ರಿಕೆಗಳ ಅಬ್ಬರ ಆಗ ಅವನ ಪರವಿತ್ತು. ಸೆಷನ್ಸ್ ನ್ಯಾಯಾಧೀಶರು ಒಪ್ಪದೆ ಹೈಕೋರ್ಟಿಗೆ ಕಳಿಸಿದರು, ಶಿಕ್ಷೆಯಾಯಿತು, 1961ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಜ್ಯೂರಿ ಬೇಡವೆಂದು ಕಾನೂನು ಆಯೋಗ ಅದಕ್ಕೂ ಮೊದಲೇ, 1958ರಲ್ಲಿ ಹೇಳಿತ್ತು. 1973ರ ಪ್ರಕ್ರಿಯಾ ಸಂಹಿತೆ ಅದನ್ನು ಪೂರ್ತಿ ಕೈಬಿಟ್ಟಿತು.

ಜ್ಯೂರಿಗಳು ಸಾಕ್ಷ್ಯವನ್ನು ಬಿಡಿಬಿಡಿಯಾಗಿ ತೂಗುವುದಿಲ್ಲ, ಕಥೆ ಕಟ್ಟಿಕೊಳ್ಳುತ್ತಾರೆ. ಸಂಶೋಧಕರಾದ ಪೆನಿಂಗ್‌ಟನ್ ಮತ್ತು ಹೇಸ್ಟಿ 1988ರಲ್ಲಿ ಒಂದೇ ಸಾಕ್ಷ್ಯವನ್ನು ಎರಡು ಕ್ರಮದಲ್ಲಿ ಕೊಟ್ಟು ನೋಡಿದರು. ಪ್ರಾಸಿಕ್ಯೂಷನ್ ವಾದ ಕಥೆಯ ಕ್ರಮದಲ್ಲಿ, ಪ್ರತಿವಾದ ಚದುರಿದ ಕ್ರಮದಲ್ಲಿ ಬಂದಾಗ ಶೇ. 78 ಮಂದಿ ದೋಷಿ ಎಂದರು, ತಿರುಗಿಸಿದಾಗ ಶೇ. 31. ನ್ಯಾಯಾಧೀಶರೂ ಮನುಷ್ಯರೇ. ಜರ್ಮನಿಯ ನ್ಯಾಯವೃತ್ತಿಯವರ ಮೇಲೆ ನಡೆದ 2006ರ ಪ್ರಯೋಗವೊಂದರಲ್ಲಿ ದಾಳ ಉರುಳಿಸಿ ಬಂದ ಅಂಕಿಯೂ ಅವರು ಸೂಚಿಸಿದ ಶಿಕ್ಷೆಯ ಅವಧಿಯನ್ನು ಎಳೆದಾಡಿತು. ವ್ಯತ್ಯಾಸ ಒಂದೇ: ಜ್ಯೂರಿ ಕಾರಣ ಹೇಳಬೇಕಿಲ್ಲ, ನಮ್ಮ ನ್ಯಾಯಾಧೀಶರು ಪುಟಗಟ್ಟಲೆ ಬರೆಯಬೇಕು. ಬರೆದದ್ದನ್ನು ಮೇಲ್ಮನವಿಯಲ್ಲಿ ಪ್ರಶ್ನಿಸಬಹುದು.

ಯಾರ ವಾದ ಏನು

ಪೊಲೀಸರು ಹೇಳುವುದರಲ್ಲಿ ಹುರುಳಿದೆ. ಪರೇಡ್‌ಗೆ ಮ್ಯಾಜಿಸ್ಟ್ರೇಟರ ದಿನಾಂಕ ಸಿಗಬೇಕು, ಹೋಲುವ ಮಂದಿ ಸಿಗಬೇಕು, ಕೆಲಸ ಬಿಟ್ಟು ಬರಲು ಸಾಕ್ಷಿ ಒಪ್ಪಬೇಕು. ತಲಪಾಡಿ ಟೋಲ್ ದಾಟಿದರೆ ಕೇರಳ; ಓಡಿಹೋದವನನ್ನು ಹಿಡಿಯಲು ಫೋಟೋ ಹಂಚದೆ ವಿಧಿಯಿಲ್ಲ. ಹಂಚಿದ ಮೇಲೆ ಪರೇಡ್ ಕೆಡುತ್ತದೆ ಎಂಬುದೂ ಅವರಿಗೆ ಗೊತ್ತು. ಆದರೆ ತಲೆಮರೆಸಿಕೊಂಡವನ ಫೋಟೋ ಹಂಚುವುದು ಬೇರೆ, ಹಿಡಿದ ಮೇಲೆ ಪತ್ರಿಕಾಗೋಷ್ಠಿಯಲ್ಲಿ ನಿಲ್ಲಿಸುವುದು ಬೇರೆ. ಎರಡನೆಯದರಿಂದ ತನಿಖೆಗೆ ಸಿಗುವುದು ಏನೂ ಇಲ್ಲ.

ಪ್ರತಿವಾದಿ ವಕೀಲರಿಗೆ ಈ ಬಿರುಕುಗಳೇ ಬಂಡವಾಳ, ಅದು ಅವರ ಕೆಲಸ. ಸಂತ್ರಸ್ತರ ಕಡೆಯವರ ಸಿಟ್ಟೂ ಅರ್ಥವಾಗುವಂಥದ್ದು: ಕಷ್ಟಪಟ್ಟು ಗುರುತಿಸಿ, ಊರಿನವರ ಕಣ್ಣಿಗೆ ಬಿದ್ದು, ಹತ್ತು ಸಲ ಕೋರ್ಟಿಗೆ ಅಲೆದ ಮೇಲೆ ‘ನಿಮ್ಮ ನೆನಪು ನೆಚ್ಚುವಂತಿಲ್ಲ’ ಎಂದರೆ ಅವಮಾನವಾಗದೆ ಇರದು. ಆ ಮಾತು ಬಹಳಷ್ಟು ಸಲ ಅವರ ಕುರಿತದ್ದಲ್ಲ, ಅವರ ನೆನಪನ್ನು ಇನ್ನೊಬ್ಬರು ನಡೆಸಿಕೊಂಡ ರೀತಿಯ ಕುರಿತದ್ದು. ತೀರ್ಪಿನ ಭಾಷೆಯಲ್ಲಿ ಆ ವ್ಯತ್ಯಾಸ ಎದ್ದು ಕಾಣುವುದು ಕಡಿಮೆ.

ಸಿಸಿಟಿವಿ ಬಂದ ಮೇಲೆ ಇದೆಲ್ಲ ಹಳೆಯ ಕಥೆ ಎಂಬ ವಾದವೂ ಇದೆ. ಅದು ಅರ್ಧ ಮಾತ್ರ ಸರಿ. 1997ರಲ್ಲಿ ಬ್ರಿಟನ್ನಿನ ಸೂಪರ್ ಮಾರ್ಕೆಟ್ ಒಂದರಲ್ಲಿ ಕ್ಯಾಷಿಯರುಗಳಿಗೆ ಫೋಟೋ ಇರುವ ಕಾರ್ಡ್ ಕೊಟ್ಟು ಪರೀಕ್ಷಿಸಿದಾಗ, ಬೇರೆಯವರ ಫೋಟೋ ಇದ್ದ ಕಾರ್ಡುಗಳಲ್ಲಿ ಅರ್ಧಕ್ಕೂ ಹೆಚ್ಚನ್ನು ಅವರು ಒಪ್ಪಿಕೊಂಡರು. ಮುಖ ಎದುರಿಗಿದೆ, ಫೋಟೋ ಕೈಯಲ್ಲಿದೆ, ನೆನಪಿನ ಹಂಗೇ ಇಲ್ಲ, ಆದರೂ ತಪ್ಪು. ಮಳೆಹನಿ ಕೂತ ಲೆನ್ಸಿನ ತುಣುಕಿನಿಂದ ಮುಖ ಹೊಂದಿಸುವುದು ಇನ್ನೆಷ್ಟು ಕಷ್ಟ! ಕ್ಯಾಮೆರಾ ಗಟ್ಟಿಯಾಗಿ ಹೇಳಬಲ್ಲದ್ದು ಸಮಯ, ದಿಕ್ಕು, ವಾಹನ. ಅದೂ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ, ತುಣುಕನ್ನು ಯಾರೂ ತಿದ್ದಿಲ್ಲವೆಂದು ತೋರಿಸುವ ಹ್ಯಾಶ್ ಮೌಲ್ಯದ ಸಮೇತ ಇದ್ದರೆ.

ಹೊಸ ಕಾನೂನು ಕೈಚಾಚಿದ್ದು ಎಲ್ಲಿಯವರೆಗೆ

2024ರಲ್ಲಿ ಜಾರಿಗೆ ಬಂದ ಸಂಹಿತೆಗಳಲ್ಲಿ ಈ ದಿಕ್ಕಿನ ಹೆಜ್ಜೆಗಳಿವೆ. ಪೊಲೀಸರು ಹೇಳಿಕೆಯನ್ನು ಧ್ವನಿ-ದೃಶ್ಯದಲ್ಲಿ ದಾಖಲಿಸಬಹುದು. ಕತ್ತಿಯೋ ಮಚ್ಚೋ ಎಂಬ ಜಗಳ ಅಲ್ಲಿಗೆ ಮುಗಿಯಬಹುದು. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಅವಕಾಶವಿದೆ. ಹತ್ತು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ಪೊಲೀಸರು ಕರೆತಂದ ಸಾಕ್ಷಿಯ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರು ದಾಖಲಿಸಲೇಬೇಕು; ಅದು ಸೆಕ್ಷನ್ 183. ಗುರುತಿಸುವವರು ದೈಹಿಕ ಅಥವಾ ಮಾನಸಿಕ ಅಂಗವೈಕಲ್ಯ ಉಳ್ಳವರಾದರೆ ಗುರುತಿಸುವಿಕೆ ಮ್ಯಾಜಿಸ್ಟ್ರೇಟರ ಮೇಲ್ವಿಚಾರಣೆಯಲ್ಲಿ, ದೃಶ್ಯ ದಾಖಲೆಯೊಂದಿಗೆ ನಡೆಯಬೇಕು. ಉಳಿದವರಿಗೆ ಆ ಕಡ್ಡಾಯವಿಲ್ಲ.

ಈಗ ಕೊಡೆ ಹಿಡಿದ ಮಹಿಳೆಯ ಕಡೆ ತಿರುಗಿ. ಸರ ಕಿತ್ತುಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯಲ್ಲಿ ಹೊಸದಾಗಿ ಬಂದ ಸೆಕ್ಷನ್ 304. ಗರಿಷ್ಠ ಶಿಕ್ಷೆ ಮೂರು ವರ್ಷ. ಗಾಯವಾಗಿ ಸುಲಿಗೆಯ ಸೆಕ್ಷನ್ ಬೀಳದೆ ಹೋದರೆ ಏಳರ ಮಿತಿಯೂ ಹತ್ತರ ಮಿತಿಯೂ ಇದನ್ನು ಮುಟ್ಟುವುದಿಲ್ಲ. ಅಪರಿಚಿತ ಮುಖದ ಗುರುತಿನ ಮೇಲೆಯೇ ನಿಲ್ಲುವ, ಊರಲ್ಲಿ ಎಲ್ಲರೂ ಹೆದರುವ ಅಪರಾಧಕ್ಕೆ ಹೊಸ ರಕ್ಷಣೆಗಳಲ್ಲಿ ಕಡ್ಡಾಯವಾದದ್ದು ಒಂದೂ ಸಿಗುವುದಿಲ್ಲ. ಆಕೆಯ ಹೇಳಿಕೆ ಈಗಲೂ ರೈಟರ್ ಬರೆದಷ್ಟೇ.

ಆದ್ದರಿಂದ ಸದ್ಯಕ್ಕೆ ಕೆಲಸಕ್ಕೆ ಬರುವುದು ಆಕೆಯೇ ಮಾಡಿಕೊಳ್ಳಬಹುದಾದದ್ದು. ಮನೆಗೆ ಬಂದವರು ‘ಹೇಗಿದ್ದ, ಹೇಗಿದ್ದ’ ಎಂದು ಕೇಳುವ ಮೊದಲು ಒಂದು ಹಾಳೆಯಲ್ಲಿ ತನ್ನದೇ ಭಾಷೆಯಲ್ಲಿ, ಕಂಡಷ್ಟನ್ನು ಮಾತ್ರ ಬರೆದು, ಬರೆದ ಗಂಟೆ ಹಾಕಿ ಇಡುವುದು. ಕಾಣದ್ದನ್ನು ‘ಕಾಣಲಿಲ್ಲ’ ಎಂದೇ ಬರೆಯುವುದು. ಠಾಣೆಯಲ್ಲಿ ಹೇಳಿಕೆಯನ್ನು ಓದಿ ಹೇಳಿಸಿಕೊಂಡು, 5-00 ಗಂಟೆ ಎಂದಿದ್ದರೆ ಏಳೆಂದು ತಿದ್ದಿಸುವುದು. ಇದೆಲ್ಲಕ್ಕೂ ಮೊದಲು ಮೊಬೈಲನ್ನು ಬೋರಲು ಹಾಕಿಡುವುದು, ಏಕೆಂದರೆ ಮೂರು ವರ್ಷದ ನಂತರ ವಕೀಲರು ಕೇಳುವ ಮೊದಲ ಪ್ರಶ್ನೆ ಆಗಲೇ ತಯಾರಿದೆ: ‘ಪರೇಡ್‌ಗೆ ಮುಂಚೆ ಈ ಫೋಟೋ ನಿಮ್ಮ ಗ್ರೂಪಿಗೆ ಬಂದಿತ್ತು, ನೀವು ನೋಡಿದ್ದಿರಿ, ಹೌದೋ ಅಲ್ಲವೋ?’